ಕೂಲಿ ಸಿಗುವ ಮನೆ

ಬಾಗಿಲು ತೆರೆದವಳು ಕೇಳಿದ್ದು ಒಂದೇ ಮಾತು.

"ಏನು ಬೇಕಿತ್ತು?"

ಹೊಸ್ತಿಲಾಚೆ ನಿಂತವನ ಕೈಯಲ್ಲಿ ಬೇಸಿನ್ನು, ಹೆಗಲ ಮೇಲೆ ಟವೆಲ್ಲು. "ಏನೂ ಬೇಡ. ಚರ್ಚಿನಿಂದ ಬಂದೆ. ನಿಮ್ಮ ತಂದೆಯವರ ಕಾಲು ತೊಳೆದು, ಉಗುರು ತೆಗೆದು, ಶೇವ್ ಮಾಡಿ ಹೋಗ್ತೀನಿ."

"ಎಷ್ಟಾಗುತ್ತೆ?"

"ದುಡ್ಡು ತಗೊಳ್ಳೋ ಹಾಗಿಲ್ಲ."

ಪುಕ್ಕಟೆ ಎಂದರೆ ಸಾಕು, ಅವಳ ಕಿವಿ ನೆಟ್ಟಗಾಗುತ್ತಿತ್ತು. ಅವಳು ಟೈಲರ್. ಮನೆಯ ಮುಂದಿನ ಕೋಣೆಯೇ ಈಗ ಅಂಗಡಿ. ಮೊದಲು ಪೇಟೆಯ ಮೂಲೆಯಲ್ಲಿ ಅಪ್ಪನದೇ ದೊಡ್ಡ ಅಂಗಡಿ ಇತ್ತು. ಅಪ್ಪನ ಅರ್ಧ ಮೈ ಸ್ವಾಧೀನ ತಪ್ಪಿದಾಗ ನೆರವಾಗಲು ಬಂದ ದೂರದ ನೆಂಟನೊಬ್ಬ, ಆಸ್ಪತ್ರೆಗೆ ಊಟ ಹೊತ್ತೂ ಹೊತ್ತೂ ಕೊನೆಗೆ ಆ ಅಂಗಡಿಯನ್ನೇ ನುಂಗಿ ನೀರು ಕುಡಿದ. ಅಂದಿನಿಂದ ಯಾರಾದರೂ ಸುಮ್ಮನೆ ನಕ್ಕರೂ ಅವಳು ಆ ನಗೆಯ ಲೈನಿಂಗ್ ಮಗುಚಿ ನೋಡುವವಳು.

ಆದರೆ ಅಪ್ಪನ ಕಾಲುಗುರುಗಳು ಬೆಳೆದು ಮಾಂಸಕ್ಕೆ ಚುಚ್ಚುತ್ತಿದ್ದವು. ಬಟ್ಟೆಯ ಮೇಲೆ ಅಳುಕದೆ ಓಡುವ ಅವಳ ಕತ್ತರಿ ಆ ಉಗುರುಗಳ ಮುಂದೆ ನಡುಗುತ್ತಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಒಳಗೆ ಬಿಟ್ಟಳು.

ಅವನು ಲಿಫ್ಟ್ ರಿಪೇರಿಯವನು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಬರತೊಡಗಿದ. ನೀರಿಗೆ ಮೊದಲು ತನ್ನ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದ. ಬೆರಳುಗಳ ಸಂದಿಯನ್ನೆಲ್ಲ ಒರೆಸಿ ಒಣಗಿಸುತ್ತಿದ್ದ. ಉಪದೇಶವಿಲ್ಲ, ಪ್ರಶ್ನೆಯಿಲ್ಲ, ಚಹಾ ಕೊಟ್ಟರೆ ಕೈಮುಗಿದು ಬೇಡವೆನ್ನುತ್ತಿದ್ದ. ಅಪ್ಪ ತೊದಲು ಮಾತಿನಲ್ಲೇ ಅವನಿಗೆ 'ಲಿಫ್ಟು' ಎಂದು ಹೆಸರಿಟ್ಟ.

"ಚಹಾನೂ ಕುಡಿಯಲ್ಲ ಅಂದ್ರೆ ದೊಡ್ಡದಕ್ಕೇ ಕೈ ಹಾಕೋನು," ಎಂದಳು ಮಹಡಿ ಮೇಲಿನ ಅತ್ತೆ, ಅಪ್ಪನ ತಂಗಿ. "ಇಂಥೋರು ಮೊದಲು ಕಾಲು ತೊಳೀತಾರೆ, ಆಮೇಲೆ ತಲೆ ಸವರ್ತಾರೆ. ಹುಷಾರು ಕಣೇ."

ಅವಳು ಹುಷಾರಾದಳು. ಒಂದು ಭಾನುವಾರ ಬೀರುವಿನ ಎರಡು ಹಿಡಿಗಳ ನಡುವೆ ಕಣ್ಣಿಗೆ ಬೀಳದಂಥ ಒಂದೆಳೆ ದಾರ ಬಿಗಿದು, ಗುಂಡಿ ತರುವ ನೆಪ ಹೇಳಿ ಹೊರಗೆ ಹೋದಳು. ಬಂದು ನೋಡಿದರೆ ಎಳೆ ಹಾಗೇ ಇತ್ತು. ಸಮಾಧಾನವಾಗುವ ಬದಲು ಅವಳಿಗೆ ರೇಗಿತು. ಇಷ್ಟು ಒಳ್ಳೆಯವನಾಗಿರಲು ಇವನಿಗೇನು ಬಂದಿದೆ?

ಮುಂದಿನ ವಾರ ಅವನ ಬೆನ್ನು ಹತ್ತಿದಳು. ಎರಡು ಬೀದಿ ದಾಟಿ ಅವನು ಒಬ್ಬ ಅಜ್ಜಿಯ ಮನೆ ಹೊಕ್ಕ. ಕಿಟಕಿಯ ಪಕ್ಕ ನಿಂತು ನೋಡಿದಳು. ಅಜ್ಜಿ ಬಾಯಿಗೆ ಬಂದಂತೆ ಬೈಯುತ್ತಾ ಬೇಸಿನ್ನನ್ನು ಒದ್ದುಬಿಟ್ಟಳು. ಅವನು ನೆಲ ಒರೆಸಿ, ಮತ್ತೆ ನೀರು ತುಂಬಿ, ಮತ್ತೆ ಮೊಣಕೈ ಅದ್ದಿ, ನಕ್ಕ. ತಮ್ಮ ಮನೆಯಲ್ಲಿ ನಗುತ್ತಿದ್ದ ಅದೇ ನಗೆ! ಅದು ತಮಗೇ ಮೀಸಲೆಂದು ತಾನು ಯಾವಾಗ ಅಂದುಕೊಂಡೆ? ಹೊಟ್ಟೆಕಿಚ್ಚುಪಟ್ಟದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಆದರೂ ಕೇಳದಿರಲಾಗಲಿಲ್ಲ. "ಆ ಅಜ್ಜಿ ಅಷ್ಟು ಬೈತಾರಲ್ಲ, ಯಾಕೆ ಹೋಗ್ತೀರಿ?"

"ನನ್ನ ಹಿಂದೆ ಬಂದಿದ್ರಾ?"

"ಇಲ್ಲಪ್ಪ. ಅದೇ ದಾರಿಲಿ ಹೋಗ್ತಿದ್ದೆ."

"ಆ ದಾರಿ ಅಜ್ಜಿ ಕಿಟಕಿ ಹತ್ರ ಮುಗಿದುಹೋಗುತ್ತೆ." ತುಟಿ ಕಚ್ಚಿ ನಗು ತಡೆದ. ಆಮೇಲೆ ಅಪ್ಪನ ಪಾದವನ್ನು ಟವೆಲ್ಲಿನಲ್ಲಿ ಸುತ್ತುತ್ತಾ ಮೆಲ್ಲಗೆ ಹೇಳಿದ. "ಯೇಸು ತನ್ನನ್ನ ಹಿಡ್ಕೊಡೋನ ಕಾಲನ್ನೂ ತೊಳೆದ್ರಂತೆ. ಈ ಅಜ್ಜಿ ಪಾಪ, ಬರೀ ಬೈತಾರೆ."

ಅವಳು ಮೆಷಿನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಹೋಗಿ ತಪ್ಪಿದಳು. ಮತ್ತೆ ತಪ್ಪಿದಳು.

ಶೇವ್ ಮುಗಿದ ಮೇಲೆ ಅಪ್ಪನ ಹಿಂದೆ ನಿಂತು ಮುಖದ ಮುಂದೆ ಕನ್ನಡಿ ಹಿಡಿಯುವುದು ಅವನ ರೂಢಿ. ಅಂದೂ ಹಿಡಿದ. ಅವಳು ತಲೆಯೆತ್ತಿದಾಗ ಕನ್ನಡಿಯೊಳಗಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಅವಳು ನೋಟ ತಗ್ಗಿಸಿದಳು. ಹೋದವೋ ಇಲ್ಲವೋ ಎಂದು ಮೆಲ್ಲನೆ ಎತ್ತಿದಳು. ಹೋಗಿರಲಿಲ್ಲ.

"ಲಿಫ್ಟೂ," ಎಂದ ಅಪ್ಪ ತೊದಲುತ್ತಾ, "ಕನ್ನಡೀಲಿ ನಾನಿಲ್ಲ. ಹೊಲಿಗೆ ಮೆಷಿನ್ ಕಾಣ್ತಿದೆ."

ಅವನ ಕಿವಿ ಕೆಂಪಾಯಿತು. ಬೇಸಿನ್ನು, ಟವೆಲ್ಲು ಬಾಚಿಕೊಂಡು ಹೊರಟವನು ಚಪ್ಪಲಿಯನ್ನು ಅದಲು ಬದಲು ಮೆಟ್ಟಿಕೊಂಡೇ ಹೋದ.

ಮುಂದಿನ ಭಾನುವಾರ ಅವಳು ಎಂದೂ ಉಡದ ನೀಲಿ ಸೀರೆ ಉಟ್ಟು ಬಾಗಿಲು ತೆರೆದರೆ, ದಪ್ಪ ಕನ್ನಡಕದ ನಿವೃತ್ತ ಮೇಷ್ಟ್ರೊಬ್ಬರು ಬೇಸಿನ್ನು ಹಿಡಿದು ನಿಂತಿದ್ದರು. "ಇನ್ಮೇಲೆ ಈ ಮನೆ ನನ್ನದಮ್ಮ. ಅವನೇ ಕೇಳಿ ಬದಲಾಯಿಸ್ಕೊಂಡ."

"ನೋಡಿದ್ಯಾ? ಕಳ್ಳ ಸಿಕ್ಕಿಬಿದ್ದ, ಕಾಲಿಗೆ ಬುದ್ಧಿ ಹೇಳಿದ," ಎಂದಳು ಅತ್ತೆ ಗೆದ್ದವಳಂತೆ.

ಅವಳು ನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೆಷಿನ್ನಿನ ಮುಂದೆ ಕೂತಳು. ಅನುಮಾನವೊಂದೇ ಆಗಿದ್ದರೆ ಎದೆ ಇಷ್ಟೇಕೆ ಖಾಲಿಯಾಗಬೇಕು? ಅವನು ಬೇಕಾಗಿದ್ದ. ಅದೂ ಅವನು ಹೋದ ಮೇಲೆ ತಿಳಿಯಿತು. ಮೇಷ್ಟ್ರನ್ನು ಕೇಳಿ ತಿಳಿದುಕೊಂಡು, ಸೋಮವಾರ ಅವನು ಕೆಲಸ ಮಾಡುತ್ತಿದ್ದ ಕಟ್ಟಡ ಹುಡುಕಿಕೊಂಡು ಹೊರಟಳು.

ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಲಿಫ್ಟು ಮೇಲಿತ್ತು, ಅವನು ಕೆಳಗಿನ ಗುಂಡಿಯಲ್ಲಿದ್ದ. ತಲೆ ಮಾತ್ರ ನೆಲದ ಮಟ್ಟಕ್ಕೆ ಕಾಣುತ್ತಿತ್ತು. ಮೊದಲು ಅವಳ ಪಾದ ನೋಡಿದ, ಆಮೇಲೆ ಮುಖ. ಸ್ಪ್ಯಾನರ್ ಠಣ್ಣನೆ ಬಿತ್ತು.

"ಯಾಕೆ ಓಡಿಹೋದ್ರಿ?"

"ಓಡಿಹೋಗ್ಲಿಲ್ಲ. ನಮ್ಮ ಪಾದ್ರಿಗಳು ಒಂದು ನಿಯಮ ಹಾಕಿದಾರೆ. ಯಾವ ಮನೇಲಿ ಕೂಲಿ ಸಿಗೋಕೆ ಶುರುವಾಗುತ್ತೋ, ಆ ಮನೇನ ಬೇರೆಯವರಿಗೆ ಬಿಟ್ಟುಕೊಡಬೇಕು."

"ನಾವೇನು ಕೂಲಿ ಕೊಟ್ವಿ? ಚಹಾ ಕೂಡ ಮುಟ್ಟಲಿಲ್ಲ ನೀವು!"

ಅವನು ಕೈಯ ಗ್ರೀಸನ್ನು ಚಿಂದಿಗೆ ಒರೆಸಿದ, ಒರೆಸುತ್ತಲೇ ಇದ್ದ. "ಭಾನುವಾರ ಯಾವಾಗ ಬರುತ್ತೆ ಅಂತ ಕಾಯ್ತಿದ್ದೆ. ನಿಮ್ಮ ಬಾಗಿಲು ತಟ್ಟೋ ಮೊದಲು ತಲೆ ಬಾಚ್ಕೊಳ್ತಿದ್ದೆ. ಅಜ್ಜಿ ಮನೆಗೆ ಹೋಗುವಾಗ ಬಾಚಲ್ಲ. ಏನೂ ಬೇಡ ಅಂತ ಅವತ್ತು ನಿಜ ಹೇಳಿದ್ದೆ. ಆಮೇಲೆ ಅದು ಸುಳ್ಳಾಯ್ತು."

ಹಾಗಾದರೆ ತನ್ನ ಅನುಮಾನ ನಿಜವೇ ಆಗಿತ್ತು! ಅವಳಿಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಹಳೆಯ ಹುಷಾರು ಕೊನೆಯ ಸಲ ಕತ್ತೆತ್ತಿತು.

"ನಾಳೆ ನಾನು ನಿಮ್ಮನ್ನ ಬೇಡ ಅಂದ್ರೆ? ಅಪ್ಪನ ಗತಿ?"

"ಅದಕ್ಕೇ ಮೇಷ್ಟ್ರನ್ನ ಕಳಿಸಿದ್ದು," ಎಂದ. "ನೀವು ಬೇಡ ಅಂದ್ರೂ ಪ್ರತಿ ಭಾನುವಾರ ನಿಮ್ಮ ತಂದೆಯವರ ಕಾಲಿಗೆ ಬಿಸಿನೀರು ಬರುತ್ತೆ. ನಾನೇ ಬರ್ತಾ ಇದ್ದಿದ್ರೆ ನೀವು ಧೈರ್ಯವಾಗಿ ಬೇಡ ಅನ್ನೋಕಾಗ್ತಿತ್ತಾ?"

ಅವಳು ಆ ಮಾತಿನ ಲೈನಿಂಗ್ ಮಗುಚಿ ನೋಡಿದಳು. ಹುಡುಕಿದಳು. ಒಳಗೂ ಅದೇ ಬಟ್ಟೆ. ನೆರವು ಕೊಟ್ಟವರೆಲ್ಲ ಅವಳ ಬಾಯಿ ಕಟ್ಟಿಹಾಕಿದ್ದರು. ಬೇಡವೆನ್ನುವ ದಾರಿಯನ್ನು ಮೊದಲೇ ತೆರೆದಿಟ್ಟವನು ಇವನೊಬ್ಬನೇ. ಕಣ್ಣು ಮಂಜಾಯಿತು.

"ಮೇಷ್ಟ್ರೇ ಬರಲಿ," ಎಂದಳು. "ಅವರು ಅಪ್ಪನಿಗೆ ಬರಲಿ. ನೀವು ನನಗೋಸ್ಕರ ಬನ್ನಿ."

ಅವನು ಕೇಳಿಸಿಕೊಂಡದ್ದು ನಿಜವೇ ಎಂಬಂತೆ ನೋಡುತ್ತಲೇ ನಿಂತ. ಅವಳು ಬಾಗಿ ಕೈ ಚಾಚಿದಳು. "ಮೇಲೆ ಬನ್ನಿ. ಕತ್ತು ನೋಯ್ತಿದೆ ನನಗೆ."

"ಕೈಯೆಲ್ಲ ಗ್ರೀಸು."

"ಇರಲಿ ಬಿಡಿ. ತೊಳೆಯೋದು ನನಗೂ ಬರುತ್ತೆ," ಎಂದಳು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯದೆ.