ತೇಜು ಜ್ವರಕ್ಕೆ ಕೂತ ಭಾನುವಾರ

"ಎದ್ದೇಳ್ರೋ, ಬೇಗ ಎದ್ದೇಳ್ರೋ" ಎಂದು ಆಂಜಿ ಬಿದಿರಿನ ತಟ್ಟೆಯ ಮೇಲೆ ಬಗ್ಗಿ ಪಿಸುಗುಟ್ಟಿದಳು.

ತಟ್ಟೆಯ ತುಂಬ ಇದ್ದ ರೇಷ್ಮೆ ಹುಳುಗಳು ಅಲ್ಲಾಡಲಿಲ್ಲ. ತಲೆ ಮೇಲೆತ್ತಿಕೊಂಡು, ದೂರದಲ್ಲಿ ಯಾರೋ ಬರುವುದನ್ನು ಕಾಯುವವರ ಹಾಗೆ ಕೂತಿದ್ದವು. ನಿನ್ನೆಯಿಂದ ಅವು ಒಂದು ಎಲೆಯನ್ನೂ ಮುಟ್ಟಿರಲಿಲ್ಲ. ಹುಳು ಹೀಗೆ ಊಟ ಬಿಟ್ಟು ಕೂತು, ಹಳೆಯ ಚರ್ಮ ಕಳಚಿ ಏಳುವುದಕ್ಕೆ ಅವಳ ಊರು ದೇವರಾಯಸಮುದ್ರದಲ್ಲಿ ಜ್ವರ ಎನ್ನುತ್ತಾರೆ. ಇದು ನಾಲ್ಕನೆಯ ಜ್ವರ, ಕೊನೆಯದು. ಇದರಿಂದ ಎದ್ದ ಹುಳು ವಾರವಿಡೀ ತಿಂದು ಗೂಡು ಕಟ್ಟುತ್ತದೆ.

ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಹೋಗುವಾಗ ಅಜ್ಜಿ ಆವಲಮ್ಮ ಎರಡೇ ಮಾತು ಹೇಳಿದ್ದಳು. ಹುಳು ಎಲ್ಲ ಎದ್ದ ಮೇಲೆ ಸೊಪ್ಪು ಹಾಕು. ಹಾಕಿ ಆದ ಮೇಲೆ ಟೀವಿ ನೋಡೋಕೆ ಹೋಗು.

ಟೀವಿ ಇದ್ದದ್ದು ಪೋಸ್ಟ್‌ಮಾಸ್ಟರ್ ಕೋದಂಡರಾಮಪ್ಪನವರ ಮನೆಯಲ್ಲಿ. ಪ್ರತಿ ಭಾನುವಾರ ಒಂಬತ್ತಕ್ಕೆ 'ನೀಲ್ ಪರ್ವತ್' ಎಂಬ ಹಿಂದಿ ಕಾರ್ಟೂನ್ ಬರುತ್ತಿತ್ತು. ಅದರಲ್ಲಿ ತೇಜು ಎಂಬ ರಾಜಕುಮಾರ. ಸಿಕ್ಕಸಿಕ್ಕವರ ಮೇಲೆ ಕತ್ತಿ ಎತ್ತುವ ಜಂಬದ ಹುಡುಗ. ಹೋದ ವಾರ ಅವನು ತನ್ನ ಹೆಗಲ ಮೇಲಿನ ಬಟ್ಟೆಯನ್ನು ಕಿತ್ತು ಹೊಳೆಗೆ ಎಸೆದು, ಒಂದು ಬಂಡೆಯ ಮೇಲೆ ಹೋಗಿ ಕೂತುಬಿಟ್ಟಿದ್ದ. ಅವನ ವೈರಿ ಮಂತ್ರವಾದಿಯ ಸೈನ್ಯ ಬರುತ್ತಿದ್ದರೂ ಕಣ್ಣು ಬಿಟ್ಟಿರಲಿಲ್ಲ. ಯಾಕೆ? ಆಂಜಿ ಏಳು ದಿನ ಅದನ್ನೇ ಯೋಚಿಸಿದ್ದಳು. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆ ಬಂಡೆಯನ್ನು ಮೂರು ಸಲ ಬರೆದಿದ್ದಳು.

ಗಡಿಯಾರ ಎಂಟೂ ಮುಕ್ಕಾಲು ತೋರಿಸಿತು. ತಟ್ಟೆಯ ಅಂಚಿನಲ್ಲಿ ಒಂದಷ್ಟು ಹುಳುಗಳು ಹರಿದಾಡತೊಡಗಿದ್ದವು. ಉಳಿದವು ಹಾಗೇ ಇದ್ದವು.

ಕೆಲವು ಎದ್ದಿವೆಯಲ್ಲ, ಮಿಕ್ಕವೂ ಇನ್ನೇನು ಏಳುತ್ತವೆ ಎಂದು ಆಂಜಿ ತನಗೆ ತಾನೇ ಹೇಳಿಕೊಂಡಳು. ಒದ್ದೆ ಗೋಣಿಯ ಕೆಳಗಿದ್ದ ಸೊಪ್ಪನ್ನು ಬಾಚಿ ಹತ್ತು ತಟ್ಟೆಗೂ ಹರಡಿದಳು. ತಲೆ ಎತ್ತಿ ಕೂತಿದ್ದ ಹುಳುಗಳೆಲ್ಲ ಸೊಪ್ಪಿನಡಿ ಮುಚ್ಚಿಹೋದವು. ಅವಳು ಅದನ್ನು ನೋಡದೆ ಬಾಗಿಲೆಳೆದುಕೊಂಡು ಓಡಿದಳು.

ಪೋಸ್ಟ್‌ಮಾಸ್ಟರ್ ಮನೆಯ ನಡುಮನೆಯಲ್ಲಿ ಮಕ್ಕಳು ಆಗಲೇ ಕೂತಿದ್ದರು. ಪೋಸ್ಟ್‌ಮಾಸ್ಟರ್ ಹೆಂಡತಿ ಅನಸೂಯಮ್ಮ ಹಿಂದಿ ಪರೀಕ್ಷೆ ಪಾಸು ಮಾಡಿದ್ದವರು. ಅವರೇ ಆಗಾಗ ಮಾತಿನ ಅರ್ಥ ಹೇಳುತ್ತಿದ್ದರು. ಆದರೆ ಇವತ್ತು ಅವರಿಗೆ ಹೆಚ್ಚು ಕೆಲಸವೇ ಇರಲಿಲ್ಲ. ತೇಜು ಇಡೀ ಹೊತ್ತು ಬಂಡೆಯ ಮೇಲೆ ಸುಮ್ಮನೆ ಕೂತಿದ್ದ. ಅವನ ಗೆಳೆಯ ಭೋಲು ಎಂಬ ದಪ್ಪ ಕರಡಿ ಗಾಬರಿಯಿಂದ ಹಣ್ಣು, ಜೇನು, ರೊಟ್ಟಿ ಎಲ್ಲ ತಂದು ತಂದು ಸುರಿಯಿತು. ಕೊನೆಗೆ ತೇಜುವಿನ ಮೂಗಿನ ತನಕ ಹಣ್ಣಿನ ರಾಶಿ. ಮಕ್ಕಳು ನಕ್ಕರು. ತೇಜು ಕಣ್ಣು ಬಿಡುವ ಮೊದಲೇ ಇವತ್ತಿನ ಭಾಗ ಮುಗಿದುಹೋಯಿತು.

ಜಗಲಿಗೆ ಬಂದದ್ದೇ ಜಗಳ ಶುರುವಾಯಿತು.

ಆರನೇ ಕ್ಲಾಸಿನ ಕದಿರೇಶನಿಗೆ ಈ ಕಾರ್ಟೂನಿನ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತು. ಏಕೆಂದರೆ ಅವನು ಕೋಲಾರದ ಚಿಕ್ಕಪ್ಪನ ಮನೆಯಲ್ಲಿ ಒಂದು ಸಲ ಅದನ್ನು ಕಲರ್ ಟೀವಿಯಲ್ಲಿ ನೋಡಿದ್ದ. ತೇಜುವಿನ ಬಟ್ಟೆ ಕೆಂಪು, ಕೆಂಪು ಅಂದರೆ ಶೌರ್ಯ, ಅದನ್ನೇ ಎಸೆದ ಮೇಲೆ ಅವನಲ್ಲಿ ಏನೂ ಉಳಿದಿಲ್ಲ ಎಂಬುದು ಕದಿರೇಶನ ವಾದ. ಚಿಕ್ಕ ಹುಡುಗಿ ಭಾರತಿ ಒಪ್ಪಲಿಲ್ಲ. ಅವಳ ಪ್ರಕಾರ ಬಟ್ಟೆ ಹಸಿರು. ಮಂತ್ರವಾದಿ ಅದಕ್ಕೆ ಮದ್ದು ಹಾಕಿದ್ದ, ಅದಕ್ಕೇ ಎಸೆದ.

"ಹಸಿರಂತೆ ಹಸಿರು. ಈ ಕಪ್ಪು ಬಿಳುಪು ಟೀವೀಲಿ ನಿಂಗೆ ಹಸಿರು ಕಾಣ್ತೈತಾ?" ಎಂದ ಕದಿರೇಶ. "ಅವ್ನು ಪುಕ್ಲ ಆಗೋದ ಕಣೇ. ಯುದ್ಧ ಅಂದ್ರೆ ಭಯ. ಇನ್ಮೇಲೆ ಭೋಲುನೇ ಹೀರೋ."

ಆಂಜಿ ಕಂಬ ಒರಗಿ ನಿಂತಿದ್ದಳು. ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ಅವಳ ನಾಲಿಗೆ ಒಣಗುತ್ತಿತ್ತು. ಆದರೆ ಪುಕ್ಲ ಎಂದದ್ದನ್ನು ಅವಳಿಗೆ ಸಹಿಸಲಾಗಲಿಲ್ಲ. ತೇಜು ಕೂತ ರೀತಿ, ಅವನು ತಲೆ ಮೇಲೆತ್ತಿದ್ದ ರೀತಿ, ಅದನ್ನು ಅವಳು ಎಲ್ಲೋ ಕಂಡಿದ್ದಳು. ಇವತ್ತೇ ಕಂಡಿದ್ದಳು.

"ಪುಕ್ಲ ಅಲ್ಲ" ಎಂದಳು. ಎಲ್ಲರೂ ತಿರುಗಿ ನೋಡಿದರು. "ಅವ್ನು ಜ್ವರಕ್ಕೆ ಕೂತವ್ನೆ. ನಮ್ಮ ಹುಳ ಕೂತ್ಕೊಳ್ಳಲ್ವಾ, ಹಂಗೆ."

ಒಬ್ಬಿಬ್ಬರು ಕಿಸಕ್ಕೆಂದರು. ಕದಿರೇಶ ನಗಲಿಲ್ಲ. ಅವನ ಮನೆಯಲ್ಲೂ ಹುಳು ಇತ್ತು.

"ಹಂಗಾದ್ರೆ ಆ ಬಟ್ಟೆ?"

"ಅದು ಚರ್ಮ. ಅವ್ನು ದೊಡ್ಡೋನಾಗ್ತಾವ್ನೆ, ಅದು ಅವನಿಗೆ ಬಿಗಿ ಆಗೋಯ್ತು. ಹಳೇದನ್ನ ಬಿಟ್ಟ. ಹೊಸದು ಗಟ್ಟಿಯಾಗೋ ತಂಕ ಕೂತವ್ನೆ."

ಬಾಗಿಲಲ್ಲಿ ನಿಂತಿದ್ದ ಅನಸೂಯಮ್ಮ ಸೆರಗಿಗೆ ಕೈ ಒರೆಸುವುದನ್ನು ನಿಲ್ಲಿಸಿ ಆಂಜಿಯನ್ನೇ ನೋಡಿದರು. ಹಿಂದಿ ಪರೀಕ್ಷೆ ಪಾಸು ಮಾಡಿದ ತಮಗೂ ಇದು ಹೊಳೆದಿರಲಿಲ್ಲ ಎಂದರು. ಆಂಜಿಯ ಮುಖ ಬಿಸಿಯಾಯಿತು. ಅಷ್ಟು ಖುಷಿ ಅವಳಿಗೆ ಸ್ಕೂಲಿನಲ್ಲಿ ಒಮ್ಮೆಯೂ ಆಗಿರಲಿಲ್ಲ.

ಕದಿರೇಶ ತಲೆ ಕೆರೆದುಕೊಂಡ. "ಮತ್ತೆ ಆ ಭೋಲು ಮಂಕು ಕಣೇ. ಜ್ವರಕ್ಕೆ ಕೂತಿರೋನ ಮೇಲೆ ಯಾರಾದ್ರೂ ಅಷ್ಟು ತಿಂಡಿ ಸುರೀತಾರಾ? ಮುಚ್ಚೋಗ್ತಾನೆ."

ಆಂಜಿಯ ಮುಖದ ಬಿಸಿ ಒಮ್ಮೆಗೇ ಇಳಿಯಿತು.

ಅವಳು ಜಗಲಿ ಇಳಿದು ಓಡಿದಳು. ಕೆರೆ ಏರಿಯ ಪಕ್ಕದ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಹತ್ತು ತಟ್ಟೆಗಳಿದ್ದವು. ಭೋಲುವಾದರೂ ಪ್ರೀತಿಗೆ ಸುರಿದಿತ್ತು. ತಾನು?

ಹುಳುಮನೆಯ ಬಾಗಿಲು ತೆರೆದಿತ್ತು. ಆವಲಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಒಂದೊಂದೇ ಎಲೆಯನ್ನು ಎತ್ತಿ ಪಕ್ಕಕ್ಕೆ ಹಾಕುತ್ತಿದ್ದಳು. ಏಳು ತಟ್ಟೆ ಮುಗಿದಿತ್ತು.

"ಅವ್ವಾ, ನಾನೇ ಹಾಕ್ದೆ. ಇನ್ನೂ ಎದ್ದಿರ್ಲಿಲ್ಲ. ನಂಗೆ ಗೊತ್ತಿತ್ತು."

ಅಜ್ಜಿ ತಲೆ ಎತ್ತಲಿಲ್ಲ. "ಕೈ ತೊಳ್ಕೊಂಡು ಬಾ" ಎಂದಳು.

ಆಂಜಿ ಕೈ ತೊಳೆದು ಬಂದು ಎದುರು ಕೂತಳು. ಎಲೆಗೆ ಕೈ ಹಾಕಿ ಅವಸರದಿಂದ ಎಳೆದಳು. "ನಿದಾನಂಗಾ ಅಮ್ಮಣ್ಣಿ, ನಿದಾನಂಗಾ" ಎಂದು ಅಜ್ಜಿ ಮೆಲ್ಲಗೆ ಹೇಳಿದಳು. ಕೋಪ ಬಂದರೆ ಕನ್ನಡ, ಮುದ್ದು ಬಂದರೆ ತೆಲುಗು ಆಡುವುದು ಅವಳ ಅಭ್ಯಾಸ. ಆಂಜಿಗೆ ಅಳು ಬಂದದ್ದು ಆಗಲೇ.

ಅಜ್ಜಿ ಅವಳ ಅಳುವನ್ನು ನೋಡಿಯೂ ನೋಡದವಳಂತೆ ಕೆಲಸ ಮಾಡುತ್ತ ವಿವರಿಸಿದಳು. ಪಂಕ್ತಿಯಲ್ಲಿ ಅರ್ಧ ಜನ ಕೂರುವ ಮೊದಲೇ ಬಡಿಸಿದರೆ ಹೇಗೆ? ಮೊದಲು ತಿಂದವು ಮೊದಲು ಬೆಳೆಯುತ್ತವೆ, ಮಲಗಿದ್ದವು ಹಿಂದೆ ಬೀಳುತ್ತವೆ. ಒಂದೇ ತಟ್ಟೆಯಲ್ಲಿ ಒಂದು ಗೂಡು ಕಟ್ಟುವ ಹೊತ್ತಿಗೆ ಇನ್ನೊಂದು ಸೊಪ್ಪು ಕೇಳುತ್ತಿರುತ್ತದೆ. ಕೊನೆಗೆ ಅಜ್ಜಿ ಮೂಲೆಯ ಎರಡು ತಟ್ಟೆಗಳನ್ನು ಬೇರೆ ಇಟ್ಟಳು. ಅವು ಹೆಚ್ಚು ಹೊತ್ತು ಸೊಪ್ಪಿನಡಿ ಇದ್ದಂಥವು.

"ಇವು ಒಂದು ದಿನ ತಡವಾಯ್ತವೆ."

"ನಾನು ನೋಡ್ಕೋತೀನಿ ಅವ್ವಾ, ಕೊನೇ ತಂಕ."

"ಮುಂದಿನ ಭಾನುವಾರನೂ ಇವು ಸೊಪ್ಪು ಕೇಳ್ತವೆ. ಟೀವಿ?"

ಆಂಜಿ ಇನ್ನೊಂದು ಎಲೆ ಎತ್ತಿ ಪಕ್ಕಕ್ಕಿಟ್ಟಳು. ತೇಜು ಕಣ್ಣು ಬಿಡುವುದು ಮುಂದಿನ ಭಾನುವಾರವೇ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಕದಿರೇಶ ನೋಡ್ಕೊಂಡು ಬಂದು ಹೇಳ್ತಾನೆ" ಎಂದಳು.

ಹೊರಗಿನಿಂದ ಅವನದೇ ದನಿ ಕೇಳಿತು. ಯಾಕೆ ಓಡಿಬಂದೆ ಎಂದು ಕೇಳುತ್ತ ಕದಿರೇಶ ಬಾಗಿಲಿಗೆ ಬಂದ. ಆಂಜಿ ತುಟಿಯ ಮೇಲೆ ಬೆರಳಿಟ್ಟಳು. ಅವನು ತಟ್ಟೆಗಳನ್ನು ನೋಡಿದ, ಕಿತ್ತು ಹಾಕಿದ ಸೊಪ್ಪಿನ ರಾಶಿಯನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಬೇರೆ ಇಟ್ಟ ತಟ್ಟೆಯಲ್ಲಿ ಒಂದು ಹುಳು ಮೆಲ್ಲಗೆ ಮೈ ಮುರಿಯಿತು. ತಲೆಯ ಮೇಲಿನ ಪುಟ್ಟ ಕಪ್ಪು ಟೊಪ್ಪಿ ಕಳಚಿ ಬಿತ್ತು. ಆಮೇಲೆ ಚರ್ಮ ಹಿಂದಕ್ಕೆ ಸರಿಯುತ್ತ, ಸುಕ್ಕಾಗುತ್ತ, ಬಾಲದ ತುದಿಗೆ ಬಂದು ನಿಂತುಬಿಟ್ಟಿತು. ಹುಳು ಸುಸ್ತಾದಂತೆ ಸುಮ್ಮನಾಯಿತು. ಚರ್ಮವನ್ನು ಉಗುರಿನ ತುದಿಯಿಂದ ಎಳೆದುಬಿಡಬೇಕೆಂದು ಆಂಜಿಯ ಕೈ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಯಡಿ ಇಟ್ಟುಕೊಂಡಳು.

ಇಬ್ಬರೂ ಕಾದರು. ಬಹಳ ಹೊತ್ತಿನ ಮೇಲೆ ಹುಳು ತಾನಾಗಿಯೇ ಒಂದು ಹೆಜ್ಜೆ ಮುಂದಿಟ್ಟಿತು. ಹಳೆಯ ಬಟ್ಟೆ ಹಿಂದೆ ಉಳಿಯಿತು. ಅದು ಕೆಂಪೂ ಇರಲಿಲ್ಲ, ಹಸಿರೂ ಇರಲಿಲ್ಲ.