ಹಲಗೆಯ ಮೇಲಿನ ಸೊನ್ನೆ

“ನಿಮ್ಮ ಪುಕ್ಕಟೆ ಸಾಫ್ಟ್‌ವೇರ್ ಮಾಡಿದ ಘನಕಾರ್ಯ ನೋಡಿ.”

ಅವನು ಅವಳೊಂದಿಗೆ ನೇರವಾಗಿ ಆಡಿದ ಮೊದಲ ಮಾತೇ ಇದು.

ಅವಳು ಕೆಂಪು ಗುಂಡಿಯನ್ನು ಗುದ್ದಿ ಮೆಷಿನ್ ನಿಲ್ಲಿಸಿದ್ದಳು. ಮರ ಕೆತ್ತುವ ಕಟ್ಟರ್ ಹಲಗೆಯನ್ನು ಸೀಳಿಕೊಂಡು, ಹಲಗೆ ಕೂರಿಸಿದ್ದ ಬೆಡ್‌ನೊಳಕ್ಕೂ ಇಳಿದಿತ್ತು.

ಅದು ಅಪ್ಪನ ಹಲಗೆ. ಕುರ್ಚಿ ಮಾಡುತ್ತಿದ್ದ ಅಪ್ಪ, ತಮ್ಮ ಕೊನೆಯ ಕುರ್ಚಿಗೆ ಬೆನ್ನು ಕೂರಿಸುವ ಮೊದಲೇ ಹೋಗಿಬಿಟ್ಟಿದ್ದರು. ಆ ಬೆನ್ನಿಗೆಂದು ತೆಗೆದಿಟ್ಟ ಮರ ಇದೊಂದೇ. ಮೂರು ವರ್ಷದಿಂದ ಅಮ್ಮ ಆ ಕುರ್ಚಿಯ ಮೇಲೆ ಯಾರನ್ನೂ ಕೂರಿಸಿಲ್ಲ.

“ಸಾಫ್ಟ್‌ವೇರ್ ಅಲ್ಲ, ನೀವು. ಹೊಸಬಳು ಮುಟ್ಟಬಾರದು ಅಂತ ನನ್ನ ಫೈಲ್ ಹಾಕಿ ಮೆಷಿನ್ ಓಡಿಸಿದ್ದು ನೀವೇ ತಾನೇ?”

“ಗಡಿಯಾರ ರಿಪೇರಿ ಮಾಡೋನು ರೀ ನಾನು. ಕೂದಲೆಳೆ ಲೆಕ್ಕದಲ್ಲಿ ಕೆಲಸ. ಟೈಲರ್ ಹತ್ರ ಅಳತೆ ಕಲೀಬೇಕಾ?”

“ಕಲೀಬೇಕಿತ್ತು,” ಎಂದಳು ಟೈಲರ್.

ಐದು ಜನ ಹವ್ಯಾಸಿಗಳು ಸೇರಿ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದ ಸಿಎನ್‌ಸಿ ಮೆಷಿನ್ ಅದು. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಮರ ಕೆತ್ತುತ್ತದೆ. ಆ ದಾರಿ ಬರೆಯುವ ಸಾಫ್ಟ್‌ವೇರ್ ಮಾತ್ರ ಒಬ್ಬೊಬ್ಬರದು ಒಂದೊಂದು. ಇನ್ನು ಮೇಲೆ ಎಲ್ಲರಿಗೂ ಒಂದೇ ಇರಲಿ, ಎರಡು ವಾರ ಬಿಟ್ಟು ಭಾನುವಾರ ತೀರ್ಮಾನ ಮಾಡೋಣ ಎಂದಿದ್ದರು ಗುಂಪಿನ ಹಿರಿಯರಾದ ಹಲ್ಲಿನ ಡಾಕ್ಟರು.

ಅವನ ಪಟ್ಟು ದೊಡ್ಡ ಸಾಫ್ಟ್‌ವೇರಿಗೆ. ಚಿತ್ರವೂ ಕಟ್ಟರ್‌ನ ದಾರಿಯೂ ಒಂದರಲ್ಲೇ. ಆದರೆ ಇಂಟರ್ನೆಟ್ ಬೇಕು, ಕಂಪನಿ ಮನಸ್ಸು ಬದಲಿಸಿದರೆ ಬಾಗಿಲು ಬಂದ್. ಅವಳವು ಎರಡು ಚಿಕ್ಕವು, ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ದಾರಿ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ, ಯಾರ ಅಪ್ಪಣೆಯೂ ಬೇಡ. ಅಪ್ಪನ ಕಾಗದದ ಅಚ್ಚುಗಳನ್ನೆಲ್ಲ ಅವಳು ಅವುಗಳಲ್ಲೇ ಬರೆದಿಟ್ಟಿದ್ದಳು.

‘ಗುಂಡಿ ಹೊಲಿಯೋರಿಗೆ ಅಷ್ಟು ಸಾಕು’ ಎಂದು ಅವನು ಗುಂಪಿನಲ್ಲಿ ಮೆಸೇಜ್ ಹಾಕಿದ.

‘ನಿಂತುಹೋದ ಗಡಿಯಾರಕ್ಕೂ ಇಷ್ಟು ಜಂಬ ಇರಲ್ಲ’ ಎಂದು ಅವಳು ಹಾಕಿದಳು.

ಅವನ ಮುಖ ನೋಡಿದರೆ ಮೈ ಉರಿಯುತ್ತದೆ... ಆದರೂ ಶೆಡ್ಡಿನ ಹತ್ತಿರ ಬಂದಾಗ ಕಣ್ಣು ಮೊದಲು ಹುಡುಕುವುದು ಅವನ ಸ್ಕೂಟರನ್ನೇ ಯಾಕೆ? ಜಗಳಕ್ಕೆ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನಂಬುವುದಕ್ಕೆ ನಾವೇನು ಎಳೆ ಮಕ್ಕಳೇ?

ಭಾನುವಾರ ಬಂತು.

“ಹಲ್ಲು ಕೀಳೋದು ಇದಕ್ಕಿಂತ ಸುಲಭ. ಹೇಳ್ರಪ್ಪ,” ಎಂದರು ಡಾಕ್ಟರು.

ಅವನು ಎದ್ದು ನಿಂತ. “ಇವರ ಸಾಫ್ಟ್‌ವೇರೇ ಇರಲಿ.”

ಎಲ್ಲರೂ ಅವನನ್ನೇ ನೋಡಿದರು.

“ಹಲಗೆ ಹಾಳು ಮಾಡಿದ್ದು ನಾನು. ನಾನು ಯಾವಾಗ್ಲೂ ಎತ್ತರ ಎಣಿಸೋದು ಬೆಡ್‌ನಿಂದ, ನನ್ನ ಸೊನ್ನೆ ಅಲ್ಲಿ. ಇವರ ಸೊನ್ನೆ ಮರದ ಮೇಲ್ಗಡೆ. ಫೈಲ್‌ನ ಮೊದಲ ಸಾಲಲ್ಲೇ ಬರೆದಿದ್ರು. ನಾನು ಓದ್ಲಿಲ್ಲ. ಮೇಲಿಂದ ಹತ್ತು ಮಿಲಿಮೀಟರ್ ಇಳೀಬೇಕಿದ್ದ ಕಟ್ಟರ್ ಬೆಡ್‌ನೊಳಕ್ಕೇ ಹತ್ತು ಇಳೀತು.”

“ಯಾವಾಗ ಗೊತ್ತಾಯ್ತು?” ಅವಳ ದನಿ ತಣ್ಣಗಿತ್ತು.

“ಅವತ್ತೇ. ನೀವು ಹೋಗಿ ಹತ್ತು ನಿಮಿಷಕ್ಕೆ.”

ಎರಡು ವಾರ... ಇವನನ್ನು ಬೈದರೂ ಮನಸ್ಸಿನಲ್ಲಿ ತನ್ನ ಫೈಲಿನದೇ ತಪ್ಪೇನೋ, ತಾನೇ ಕೆಡಿಸಿದೆ ಎಂದು ಅಮ್ಮನ ಮುಂದೆ ಅತ್ತಿದ್ದಳಲ್ಲ! ಚೀಲ ಎತ್ತಿಕೊಂಡು ಅವಳು ಹೊರಗೆ ನಡೆದಳು.

ಅವನು ಹಿಂದೆಯೇ ಓಡಿ ಬಂದ. ಕೈಯಲ್ಲಿ ಪ್ಲೈವುಡ್‌ನಲ್ಲಿ ಕೆತ್ತಿದ ಕುರ್ಚಿಯ ಬೆನ್ನು.

“ನಿಮ್ಮ ಸಾಫ್ಟ್‌ವೇರ್‌ನಲ್ಲೇ ಮಾಡಿದ್ದು. ಹನ್ನೊಂದು ಕೆಡಿಸಿದ ಮೇಲೆ ಇದು ಬಂತು. ಸೀಳಿದ್ದು ಬಿಟ್ಟರೆ ನಿಮ್ಮ ಹಲಗೇಲಿ ಎರಡು ತುಂಡು ಸಿಗುತ್ತೆ. ಎರಡನ್ನೂ ನಡುವೆ ಜೋಡಿಸಿ ಇದೇ ಥರ ಬೆನ್ನು ಮಾಡಬಹುದು.”

ಅವಳು ಅದನ್ನು ಕಸಿದುಕೊಂಡು ತಿರುಗಿಸಿ ನೋಡಿದಳು. ಅಪ್ಪನ ಬಾಗು ಹಾಗೇ ಬಂದಿತ್ತು. ಅದರ ಮೇಲೆ ಬೆರಳಾಡಿಸಿದಳು.

“ಮಳೆಗಾಲದಲ್ಲಿ ಮರ ಉಬ್ಬುತ್ತೆ. ಜೋಡಣೆಗೆ ಜಾಗನೇ ಬಿಟ್ಟಿಲ್ಲ.”

“ಹೇಳ್ಕೊಡಿ.”

“ಯಾಕೆ ಹೇಳ್ಕೊಡ್ಬೇಕು? ಅವತ್ತೇ ನಿಜ ಹೇಳೋಕೆ ಏನಾಗಿತ್ತು ನಿಮಗೆ?”

“ಮೊದಲು ಮರ್ಯಾದೆ ಅಡ್ಡ ಬಂತು. ಆಮೇಲೆ ಭಯ... ಹೇಳಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ. ಜಗಳ ಆಡೋಕಾದ್ರೂ ಬರ್ತಿದ್ರಲ್ಲ, ನಂಗೆ ಅದೇ ಬೇಕಾಗಿತ್ತು. ನೀವು ಬೇಕಾಗಿದ್ರಿ.”

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕಣ್ಣೂ ತುಂಬಿತು. ಯಾವುದು ಮೊದಲು ಎಂದು ಅವಳಿಗೇ ತಿಳಿಯಲಿಲ್ಲ.

“ನಾಳೆ ಮನೆಗೆ ಬನ್ನಿ. ನಮ್ಮಮ್ಮನ ಎದುರು ತಪ್ಪು ಒಪ್ಕೊಳ್ಳಿ. ಆಮೇಲೆ ಹಲಗೆ ಕೊಡ್ತೀನಿ.”

“ಅಲ್ಲಿಗೆ ಜಗಳ ಮುಗೀತಾ?”

“ಇಲ್ಲ.”

“ಮದುವೆ ಆದ್ಮೇಲೂ?”

ಅವಳು ಪ್ಲೈವುಡ್ ಬೆನ್ನನ್ನು ಎದೆಗೆ ಅವಚಿಕೊಂಡಳು.

“ಆಗ ಶುರು ಆಗುತ್ತೆ,” ಎಂದಳು.