ತಂಗಿ ಹೊಡೆದ ಮೊಳೆ

"ಕೈಗವಸು ಮಾತ್ರ ಬಿಚ್ಚಬೇಡಿ" ಎಂದು ತಂಗಿ ಎರಡನೇ ಸಲ ಹೇಳಿದಾಗ ಮರದ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಮರಗಳ ಆರೈಕೆಯನ್ನು ಓದಿ ಪಾಸಾದವನು, ಹದಿನೈದು ವರ್ಷ ಹಗ್ಗದ ಮೇಲೇ ಬದುಕಿದವನು. ಕವಲಿನೊಳಗೆ ಹೂತ ಮೊಳೆಗೆ ಮಾಟ ಅಂಟಿದೆ ಅಂದರೆ ಅವನು ನಂಬುತ್ತಾನೆಯೇ?

"ತುಕ್ಕು ಅಂಟಿರತ್ತೆ ಮೇಡಂ, ಅಷ್ಟೇ. ಮಾಟಕ್ಕೆ ನಮ್ಮಲ್ಲಿ ಔಷಧಿ ಇಲ್ಲ" ಎಂದವನೇ ಸೊಂಟದ ಪಟ್ಟಿ ಬಿಗಿದುಕೊಂಡು ಏರಿಬಿಟ್ಟ.

ಅವಳು ಅವನಿಗೆ ಹೇಳಿದ್ದು ಅರ್ಧ. ಯಾರೋ ಹೊಡೆದ ಮೊಳೆ ಎಂದಿದ್ದಳು. ಹೊಡೆದವಳು ಅವಳೇ. ಹನ್ನೆರಡು ವರ್ಷದ ಹಿಂದೆ ನೆಂಟರೆದುರು ಅಕ್ಕ ಅವಳ ಕಪಾಳಕ್ಕೆ ಬಾರಿಸಿದ್ದಳು. ಆ ಕೈ ಸೇದಿಹೋಗಲಿ ಎಂದು ತಂಗಿ ಒಬ್ಬ ಮಂತ್ರವಾದಿಯ ಕಾಲು ಹಿಡಿದು, ಅಕ್ಕನ ತಲೆಗೂದಲು ಸುತ್ತಿದ ಮೊಳೆ ತಂದು, ಹಿತ್ತಲ ಮರ ಹತ್ತಿ ಬಡಿದಿದ್ದಳು. ವಾರದೊಳಗೆ ಅಕ್ಕನ ಬಲಗೈ ಜೋತುಬಿತ್ತು. ಹೊಲಿಗೆ ಮಿಷನ್ ಮೂಲೆ ಸೇರಿತು. ಅಂದಿನಿಂದ ಅವಳಿಗೆ ತುತ್ತಿಟ್ಟು ನೋಡಿಕೊಂಡವಳು ತಂಗಿಯೇ. ಇಂಥ ತಂಗಿ ಯಾರಿಗುಂಟು ಎಂದು ಜನ ಹೊಗಳಿದಾಗೆಲ್ಲ ಅವಳಿಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು.

ಈಗ ಮರ ಒಳಗಿಂದ ಕೊಳೆಯುತ್ತಿತ್ತು. ಅಕ್ಕನ ಉಸಿರೂ ಕುಗ್ಗುತ್ತಿತ್ತು. ಮರ ಸತ್ತರೆ ಅವಳೂ ಉಳಿಯುವುದಿಲ್ಲ, ಮೊಳೆ ಕಿತ್ತರೆ ಮಾಟ ಕಿತ್ತ ಬರಿಗೈಗೆ ಹತ್ತುತ್ತದೆ ಎಂದು ಮಂತ್ರವಾದಿ ಅಂದೇ ಹೇಳಿದ್ದ. ತಾನೇ ಕೀಳಬಹುದಿತ್ತು. ಮೂರು ಸಲ ಏಣಿ ಇಟ್ಟು ಮೂರು ಸಲವೂ ತೆಗೆದಿದ್ದಳು. ಕೊನೆಗೆ, ಮರಕ್ಕೆ ಪೆಟ್ಟಾಗದಂತೆ ಕೆಲಸ ಮಾಡಬಲ್ಲವನನ್ನು ಹುಡುಕಿ, ಸರ್ಟಿಫಿಕೇಟು ನೋಡಿಯೇ ಕರೆಸಿದ್ದಳು.

ಉಳಿ ತೊಗಟೆ ಸೀಳಿತು. ಕೊಳೆತ ಮಾಂಸದ ನಾತ ಹಿತ್ತಲೆಲ್ಲ ಹರಡಿತು. ಕಪ್ಪು ರಸ ಒಸರಿ ಅವನ ಮೊಣಕೈವರೆಗೂ ಇಳಿಯಿತು. ಹಕ್ಕಿಗಳ ಸದ್ದಡಗಿತು. ಮೊಳೆ ಅರ್ಧ ಎದ್ದಿತು. ಇಕ್ಕಳ ಜಾರಿತು. ಮತ್ತೆ ಜಾರಿತು. ಕಾಂಡದೊಳಗೆ ಯಾರೋ ಹಲ್ಲು ಕಡಿದಂಥ ಸದ್ದು. ಹಿಡಿತವೇ ಸಿಗುತ್ತಿಲ್ಲ ಎಂದು ಗೊಣಗಿ ಅವನು ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದ.

ಕೂಗಬೇಕು. ತಂಗಿ ಬಾಯಿ ತೆರೆದಳು.

ಕಿಟಕಿಯಾಚೆ, ಮಂಚದ ಮೇಲೆ, ಅಕ್ಕನ ಬಲಗೈ ಬೆರಳು ಅಲುಗಿತು. ಒಂದೇ ಬೆರಳು.

ತಂಗಿ ಬಾಯಿ ಮುಚ್ಚಿದಳು.

ಬರಿಗೈ ಹಿಡಿಯಿತು. ಎಳೆಯಿತು. ಮೊಳೆ ಬಂತು.

ಅವನು ಒದ್ದೆ ಬಟ್ಟೆಯಂತೆ ನೇತಾಡುತ್ತಿದ್ದ ತನ್ನ ತೋಳನ್ನೇ ನೋಡುತ್ತ ನಿಂತ. ಉಳಿದ ಒಂದು ಕೈಯಲ್ಲಿ ಹೇಗೋ ಇಳಿದು, ಬುಡದಲ್ಲಿ ಕುಸಿದ. ನರ ಹಿಡಿದುಕೊಂಡಿರಬೇಕು ಎಂದ. ಹೆಂಡತಿಗೆ ಫೋನ್ ಮಾಡಿಕೊಡಿ ಎಂದು ಬೇಡಿದ.

ಅಷ್ಟರಲ್ಲಿ ಅಕ್ಕ ಅಳುತ್ತ, ನಗುತ್ತ ಓಡಿಬಂದಳು. ಬಲಗೈಯಲ್ಲಿ ನೀರು ತುಂಬಿದ ಲೋಟ. ಅವನ ಸ್ಥಿತಿ ಕಂಡು ಮುಖ ಬಾಡಿ, ಲೋಟವನ್ನು ತಾನೇ ಅವನ ತುಟಿಗೆ ಹಿಡಿದಳು.

ಅವನು ಒಂದು ಗುಟುಕು ಕುಡಿದು ತಂಗಿಯತ್ತ ತಿರುಗಿದ.

"ನಿಮಗೇನಾದ್ರೂ ಗೊತ್ತಿದ್ರೆ ಹೇಳಿ ಮೇಡಂ. ಈ ಕೈಯಲ್ಲೇ ನಾನು ಮನೆ ನಡೆಸ್ಬೇಕು."

ಅಕ್ಕನೂ ಅವಳ ಮುಖವನ್ನೇ ನೋಡುತ್ತಿದ್ದಳು.

"ನನಗೇನು ಗೊತ್ತು" ಎಂದಳು ತಂಗಿ.